ತುಳಿಬಂಡಿಗೆ ಚಿಪ್ಪು ಆಮೇಲೆ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಸೈಕಲ್ಲಿಗೇನು ಕೆಲಸ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎರಡು ತಿಂಗಳಿಂದ ಸಂಘದ ಕೋಣೆಯಲ್ಲಿ ಕಾವ್ಯಕ್ಕಿಂತ ಹೆಚ್ಚು ಚರ್ಚೆಯಾಗಿರುವುದು ಅದೇ. ಮೆಕ್ಯಾನಿಕಲ್ ಓದುತ್ತಿರುವ ನಮ್ಮ ಕೆಲವು ಗೆಳೆಯರು ಒಂದು ವೆಲೊಮೊಬೈಲ್ ಕಟ್ಟುತ್ತೇವೆ, ಅದರಲ್ಲಿ ಇಲ್ಲಿಂದ, ಅಂದರೆ ನಾಸಿಕದಿಂದ, ಛತ್ರಪತಿ ಸಂಭಾಜಿನಗರಕ್ಕೂ ಅಲ್ಲಿಂದ ಎಲ್ಲೋರಕ್ಕೂ ಹೋಗಿಬರುತ್ತೇವೆ ಅಂತ ಹೊರಟಿದ್ದಾರೆ. ಚಂದಾ ಎತ್ತಿದ್ದಾರೆ. ನಾವೆಲ್ಲ ಕೊಟ್ಟಿದ್ದೇವೆ, ಸಂತೋಷವಾಗಿಯೇ ಕೊಟ್ಟಿದ್ದೇವೆ. ಆದರೆ ಆ ದುಡ್ಡಿನಲ್ಲಿ ಮೊಟ್ಟಮೊದಲು ಕೊಳ್ಳಬೇಕೆಂದು ಪಟ್ಟಿ ಮಾಡಿರುವುದು ಏನನ್ನು? ಫೈಬರ್ ಗ್ಲಾಸ್ ಬಟ್ಟೆ, ರೆಸಿನ್, ಬಣ್ಣ! ಗಾಡಿಗೆ ಇನ್ನೂ ಗಾಲಿ ಇಲ್ಲ, ಅಚ್ಚು ಇಲ್ಲ, ಕೂರಲು ಸೀಟಿಲ್ಲ; ಚಿಪ್ಪು ಮಾತ್ರ ಮೊದಲು ಆಗಬೇಕು. ನನ್ನ ತಕರಾರು ಇರುವುದು ಇಲ್ಲಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ವೆಲೊಮೊಬೈಲ್ ಅಂದರೆ ಕಾಲಿನಿಂದ ತುಳಿದು ಓಡಿಸುವ, ಮೈಗೆ ಕವಚ ಇರುವ ಗಾಡಿ. ಸಾಮಾನ್ಯವಾಗಿ ಮೂರು ಗಾಲಿ, ಮುಂದೆ ಎರಡು ಹಿಂದೆ ಒಂದು. ಸವಾರ ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಒರಗಿ, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಾನೆ. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಮೊಟ್ಟೆಗೆ ಗಾಲಿ ಕಟ್ಟಿದಂತೆ. ಯುರೋಪಿನಲ್ಲಿ, ಮುಖ್ಯವಾಗಿ ಹಾಲೆಂಡ್ ಜರ್ಮನಿಗಳಲ್ಲಿ, ಇದನ್ನು ಕಾರ್ಬನ್ ನಾರಿನಲ್ಲಿ ಎರಕ ಹೊಯ್ದು ಮಾಡುತ್ತಾರೆ. ತೂಕ ಇಪ್ಪತ್ತೈದು ಮೂವತ್ತು ಕಿಲೋ. ಬೆಲೆ ನಮ್ಮ ಲೆಕ್ಕದಲ್ಲಿ ಎಂಟು ಹತ್ತು ಲಕ್ಷ. ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವಲ್ಲ ಎಂದು ಕೋಣೆಯಲ್ಲಿ ಒಂದು ಸಂಜೆ ಪೂರ್ತಿ ಜಗಳವಾಯಿತು. "ಪಾದಚಾಲಿತ ಕವಚವಾಹನ" ಅಂತ ಒಬ್ಬರು ಸೂಚಿಸಿದರು. ಅದನ್ನು ಹೇಳಿ ಮುಗಿಸುವುದರೊಳಗೆ ಗಾಡಿ ನಿಫಾಡ ದಾಟಿರುತ್ತೆ. ನಾನು ತುಳಿಬಂಡಿ ಅನ್ನುತ್ತೇನೆ. ಬೇಡವಾದವರು ಬಿಡಲಿ.

ಈ ತುಳಿಬಂಡಿ ಹೊಸದೇನೂ ಅಲ್ಲ. ಫ್ರಾನ್ಸಿನ ಚಾರ್ಲ್ಸ್ ಮೊಶೆ ಎಂಬಾತ ಮಗನಿಗೆಂದು ಒಂದು ಪುಟ್ಟ ಪೆಡಲ್ ಕಾರು ಮಾಡಿಕೊಟ್ಟ. ದೊಡ್ಡವರೂ ನಮಗೊಂದು ಬೇಕು ಅಂದರು. ಹಾಗೆ "ವೆಲೊಕಾರ್" ಹುಟ್ಟಿತು. ಅದೇ ಆಸನಕ್ರಮದಲ್ಲಿ ಎರಡು ಗಾಲಿಯದೊಂದನ್ನೂ ಮಾಡಿದ. ೧೯೩೩ರ ಜುಲೈ ೭ರಂದು ಫ್ರಾನ್ಸಿಸ್ ಫಾರ್ ಎಂಬ ಸವಾರ ಅದರ ಮೇಲೆ ಒರಗಿ ಒಂದು ಗಂಟೆಯಲ್ಲಿ ೪೫.೦೫೫ ಕಿಲೋಮೀಟರು ಓಡಿಸಿ ದಾಖಲೆ ಮುರಿದ. ಮರುವರ್ಷ ೧೯೩೪ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದವರು ಸಭೆ ಸೇರಿ, ಇದು ಸೈಕಲ್ಲೇ ಅಲ್ಲ ಅಂತ ತೀರ್ಮಾನ ಮಾಡಿ ಕೈತೊಳೆದುಕೊಂಡರು. (ಗೆದ್ದವನ ಜಾತಿ ಕೇಳುವ ಚಾಳಿ ಎಲ್ಲ ಕಡೆಯೂ ಇದೆ ಅನ್ನಿ.)

ನಮ್ಮ ಗೆಳೆಯರಿಗೆ ಮೊಶೆಯ ಕಥೆ ಬಾಯಿಪಾಠವಾಗಿದೆ. ನಾನು ನೆನಪಿಸಬೇಕೆಂದಿರುವುದು ಸ್ವೀಡನ್ನಿನ ಕಥೆ. ೧೯೪೦ರ ದಶಕದಲ್ಲಿ, ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದ ಕಾಲದಲ್ಲಿ, ಅಲ್ಲಿ "ಫಾಂಟೊಮ್" ಎಂಬ ತುಳಿಬಂಡಿಯ ನಕ್ಷೆ ಮಾರಾಟಕ್ಕಿತ್ತು. ಮನೆಯಲ್ಲೇ ಕಟ್ಟಿಕೊಳ್ಳಿ, ಕಾರಿನ ಹಾಗೆ ಕಾಣುತ್ತೆ ಅಂತ. ಒಂದು ಲಕ್ಷಕ್ಕೂ ಹೆಚ್ಚು ನಕ್ಷೆ ಖರ್ಚಾಯಿತಂತೆ. ರಸ್ತೆಗೆ ಇಳಿದ ಗಾಡಿಗಳೋ, ಬಹಳ ಕಡಿಮೆ. ಜನ ಕೊಂಡದ್ದು ನಕ್ಷೆಯಲ್ಲ, ಚಿತ್ರ. ಆ ನುಣುಪಾದ ಮೈಯ ಚಿತ್ರ. ಕಟ್ಟಲು ಕೂತಾಗ ಗೊತ್ತಾಗುತ್ತದೆ, ಕಷ್ಟ ಇರುವುದು ಮೈಯಲ್ಲಲ್ಲ, ಒಳಗೆ ಅಂತ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಾತೂ ಬೇರೆಯಲ್ಲ. ಸ್ಪರ್ಧೆಗೆಂದು ಹುಡುಗರು ಹಗಲು ರಾತ್ರಿ ಕೂತು ಮೂರು ಗಾಲಿಯ ಗಾಡಿ ಕಟ್ಟುತ್ತಾರೆ, ಟ್ರಕ್ಕಿನಲ್ಲಿ ಹೇರಿಕೊಂಡು ಹೋಗುತ್ತಾರೆ, ತೀರ್ಪುಗಾರರ ಮುಂದೆ ಸುತ್ತು ಹೊಡೆಸುತ್ತಾರೆ, ಫೋಟೋ ತೆಗೆಸುತ್ತಾರೆ. ಆಮೇಲೆ ಅದು ವರ್ಕ್‌ಶಾಪಿನ ಹಿಂಬದಿಯಲ್ಲಿ ತುಕ್ಕು ಹಿಡಿಯುತ್ತದೆ. ಒಂದು ಊರಿಂದ ಇನ್ನೊಂದು ಊರಿಗೆ ಅದರಲ್ಲಿ ಯಾರಾದರೂ ಹೋದರೆ? ನಾನಂತೂ ಕೇಳಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕವಿಗಳು ಈ ಪ್ಯಾರಾ ಹಾರಿಸಿ ಓದಬಹುದು, ಆದರೆ ಹಾರಿಸಬೇಡಿ ಅಂತ ವಿನಂತಿ.

ಚಿಪ್ಪಿನ ಪರವಾಗಿ ಇರುವ ವಾದ ಒಂದೇ: ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ; ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸರಿ, ಒಪ್ಪಿದೆ. ಆದರೆ ನಾವು ಯಾವ ವೇಗದ ಮಾತಾಡುತ್ತಿದ್ದೇವೆ? ಸಾಮಾನ್ಯ ಆರೋಗ್ಯವಂತ ಹುಡುಗ ಗಂಟೆಗಟ್ಟಲೆ ತುಳಿದರೆ ಅವನ ಕಾಲಿನಿಂದ ಬರುವುದು ನೂರು ವ್ಯಾಟ್ ಅಂತ ಇಟ್ಟುಕೊಳ್ಳಿ. ನೆಟ್ಟಗೆ ಕೂತು ಹೊಡೆಯುವ ನಮ್ಮ ಕರಿ ಸೈಕಲ್ಲಿನಲ್ಲಿ, ಹದಿನೈದು ಕಿಲೋ ಸಾಮಾನು ಕಟ್ಟಿಕೊಂಡು, ಸಮತಟ್ಟು ರಸ್ತೆಯಲ್ಲಿ, ಅಷ್ಟು ಶಕ್ತಿಗೆ ಗಂಟೆಗೆ ೨೦ ಕಿಲೋಮೀಟರು ಸಿಗುತ್ತೆ. ಅದೇ ಹುಡುಗ ಮನೆಯಲ್ಲಿ ಕಟ್ಟಿದ, ನಲವತ್ತು ಕಿಲೋ ತೂಗುವ, ಚಿಪ್ಪು ಹಾಕಿದ ತುಳಿಬಂಡಿಯಲ್ಲಿ ಕೂತ ಅನ್ನಿ. ಸವಾರ ಸಾಮಾನು ಸೇರಿ ೧೨೦ ಕಿಲೋ. ಅಗ್ಗದ ಗಟ್ಟಿ ರಬ್ಬರಿನ ಟೈರು ಭಾರದ ಸಾವಿರಕ್ಕೆ ಎಂಟು ಪಾಲನ್ನು ಬರೀ ಉರುಳುವುದಕ್ಕೇ ತಿನ್ನುತ್ತದೆ. ಅಂದರೆ ಹಗಲೆಲ್ಲಾ ಹೆಚ್ಚುಕಮ್ಮಿ ಒಂದು ಕಿಲೋ ತೂಕದಷ್ಟು ಯಾರೋ ಹಿಂದಿನಿಂದ ಜಗ್ಗುತ್ತಿದ್ದ ಹಾಗೆ. ಆಗ ಅವನಿಗೆ ಸಿಗುವ ವೇಗ ೨೫. ನೂರು ವ್ಯಾಟಿನಲ್ಲಿ ಗಾಳಿಗೆ ಹೋಗುವುದು ಮೂವತ್ತೈದು, ಟೈರಿಗೆ ಹೋಗುವುದು ಅರವತ್ತೈದು!

ಈಗ ಆ ಚಿಪ್ಪನ್ನು ತೆಗೆದು ಬಿಸಾಕಿ. ಹತ್ತು ಕಿಲೋ ಇಳಿಯಿತು. ಆ ದುಡ್ಡಿಗೆ ಮೂರು ಒಳ್ಳೆಯ ಟೈರು ತನ್ನಿ, ಸಾವಿರಕ್ಕೆ ಐದು ಪಾಲು ಮಾತ್ರ ತಿನ್ನುವಂಥವು. ತೆಳು ಗೋಡೆಯವು, ಗಾಳಿ ಬಿಗಿಯಾಗಿ ತುಂಬಬಹುದಾದವು. ಬರೀ ಮೈಯ ಬಂಡಿ ಅದೇ ನೂರು ವ್ಯಾಟಿಗೆ ೨೪ರ ಮೇಲೆ ಹೋಗುತ್ತದೆ. ಚಿಪ್ಪಿದ್ದ ಕೆಟ್ಟ ಟೈರಿನ ಬಂಡಿಗೂ ಚಿಪ್ಪಿಲ್ಲದ ಒಳ್ಳೆ ಟೈರಿನ ಬಂಡಿಗೂ ಗಂಟೆಗೆ ಒಂದು ಕಿಲೋಮೀಟರಿನ ವ್ಯತ್ಯಾಸವೂ ಇಲ್ಲ. ಇಷ್ಟಾದ ಮೇಲೆ ಅದಕ್ಕೆ ಚಿಪ್ಪು ಕೂಡಿಸಿ, ಆಗ ೨೮ಕ್ಕೆ ಏರುತ್ತದೆ. ಚಿಪ್ಪಿಗೆ ಅರ್ಥ ಬರುವುದು ಆಗ. ಟೈರಿಗೆ ಮೂರು ದಿನದ ಕೆಲಸವೂ ಇಲ್ಲ. ಚಿಪ್ಪಿಗೆ ಮೂರು ತಿಂಗಳು, ರೆಸಿನ್ ವಾಸನೆ, ಹಾಸ್ಟೆಲ್ ವಾರ್ಡನ್ನರ ಬೈಗುಳ.

ಇನ್ನು ಸೆಕೆ. ಯುರೋಪಿನವರಿಗೆ ಮೊಟ್ಟೆಯೊಳಗೆ ಕೂರುವುದು ಸುಖ, ಹೊರಗೆ ಚಳಿಮಳೆ. ನೂರು ವ್ಯಾಟ್ ಕೆಲಸ ಮಾಡುವ ಮೈ ಮುನ್ನೂರು ನಾನ್ನೂರು ವ್ಯಾಟ್ ಶಾಖವನ್ನು ಹೊರಗೆ ಹಾಕುತ್ತಿರುತ್ತದೆ. ಅದು ಬೆವರಾಗಿ ಆರಬೇಕಾದರೆ ಗಾಳಿ ಬೇಕೇ ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಸಂಭಾಜಿನಗರದ ಕಡೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಕರಿಮಣ್ಣಿನ ಬಯಲು, ರಸ್ತೆಯ ಎರಡೂ ಬದಿ ನೆರಳು ಅಷ್ಟಕ್ಕಷ್ಟೆ. ಅಂಥಾದ್ದರಲ್ಲಿ ಮುಚ್ಚಿದ ಫೈಬರ್ ಡಬ್ಬದೊಳಗೆ ಕೂತು ತುಳಿಯುವುದು ಇಡ್ಲಿ ಪಾತ್ರೆಯೊಳಗೆ ಕೂತು ತುಳಿಯುವುದಕ್ಕೆ ಸಮ. ನಮ್ಮ ಸೀಮೆಗೆ ಬೇಕಾದ್ದು ಮೂತಿಗೊಂದು ತಗಡು, ಬೆನ್ನಿನ ಹಿಂದೆ ಸಾಮಾನು ಇಡುವ ಬಾಲ, ನೆತ್ತಿಯ ಮೇಲೆ ಬಿಳಿ ಬಟ್ಟೆಯ ನೆರಳು. ಎದೆಯಿಂದ ಮೇಲೆ ಬಯಲು. ಇದನ್ನು ಪೂರ್ತಿ ತುಳಿಬಂಡಿ ಅಲ್ಲ ಅಂತ ಯಾರಾದರೂ ಅಂದರೆ, ೧೯೩೪ರ ಸಭೆ ನೆನಪು ಮಾಡಿಕೊಳ್ಳಿ.

"ಹಾಗಾದರೆ ಮಾಮೂಲಿ ಸೈಕಲ್ಲೇ ಸಾಕಲ್ಲ ಮಾರಾಯ್ರೆ, ಈ ನಾಸಿಕದವರು ಅದರಲ್ಲೇ ಜಗತ್ತು ಗೆದ್ದಿಲ್ವೆ?" ಅಂತ ಇನ್ನೊಂದು ಕಡೆಯವರು ಕೇಳುತ್ತಾರೆ. ನಿಜ. ಈ ಊರಿಗೆ ಸೈಕಲ್ ವೀರರ ಕೊರತೆಯಿಲ್ಲ. ಅಮೆರಿಕಾ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡ ಹಾಯುವ, ಸುಮಾರು ೪,೮೦೦ ಕಿಲೋಮೀಟರಿನ ರೇಸ್ ಅಕ್ರಾಸ್ ಅಮೆರಿಕಾ ಪಂದ್ಯವನ್ನು ೨೦೧೫ರಲ್ಲಿ ಇಬ್ಬರ ತಂಡವಾಗಿ ಮುಗಿಸಿದವರು ಇಲ್ಲಿಯ ವೈದ್ಯ ಸಹೋದರರು, ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್. ೨೦೧೭ರಲ್ಲಿ ಅದನ್ನೇ ಒಬ್ಬಂಟಿಯಾಗಿ ಮುಗಿಸಿದ ಮೊದಲ ಭಾರತೀಯ ಶ್ರೀನಿವಾಸ ಗೋಕುಲನಾಥ್ ಆಗ ನಾಸಿಕದಲ್ಲೇ ಇದ್ದ ಸೇನೆಯ ವೈದ್ಯರು. ಅವರಿಗೆಲ್ಲ ನಮಸ್ಕಾರ. ಆದರೆ ಅವರ ಹಿಂದೆ ಗಾಡಿಯಲ್ಲಿ ಜನ, ನೀರು, ಔಷಧಿ, ಬದಲಿ ಸೈಕಲ್ಲು ಎಲ್ಲ ಬರುತ್ತಿರುತ್ತದೆ, ವರ್ಷಗಟ್ಟಲೆ ಪಳಗಿದ ಮೈ ಇರುತ್ತದೆ. ನಾವು ಮಾತಾಡುತ್ತಿರುವುದು ಸಾಧಾರಣ ಮನುಷ್ಯ ತನ್ನ ಸಾಮಾನು ತಾನೇ ಹೊತ್ತುಕೊಂಡು ದಿನವೂ ತುಳಿಯುವ ಮಾತು. ಮೂರನೇ ದಿನಕ್ಕೆ ಸೈಕಲ್ ಸವಾರನ ಅಂಗೈ ಜೋಮು ಹಿಡಿಯುತ್ತೆ, ಕುತ್ತಿಗೆ ಹಿಡಿಯುತ್ತೆ, ಕೂರುವ ಜಾಗದ ಮಾತು ಬೇಡ. ಒರಗಿ ತುಳಿಯುವವನಿಗೆ ಈ ಮೂರೂ ಇಲ್ಲ. ಇನ್ನೊಂದು: ಏರಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರಿಗೆ ಇಳಿದರೂ ಮೂರು ಗಾಲಿಯದು ಬೀಳುವುದಿಲ್ಲ. ದೌಲತಾಬಾದಿನಿಂದ ಖುಲ್ದಾಬಾದಿಗೆ ಏರುವ ಘಾಟಿಯಲ್ಲಿ ಲಟಾರಿ ಸೈಕಲ್ಲಿನವನು ಇಳಿದು ತಳ್ಳುತ್ತಾನೆ. ತುಳಿಬಂಡಿಯವನು ಸಣ್ಣ ಗೇರಿನಲ್ಲಿ, ಮಧ್ಯೆ ನಿಂತು ಸುಧಾರಿಸಿಕೊಂಡು, ಕೂತಲ್ಲಿಂದಲೇ ಏರಬಹುದು.

ಹಾಗಾಗಿ ನಾನು ತುಳಿಬಂಡಿಯ ವಿರೋಧಿಯಲ್ಲ. ಒಳಗಿನದು ಮೊದಲು ಆಗಲಿ ಅನ್ನುವವನು. ಒಳಗಿನದು ಅಂದರೆ ಏನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಂದಿನ ಎರಡು ಗಾಲಿ. ಇವಕ್ಕೆ ಸೈಕಲ್ಲಿನ ಹಾಗೆ ಎರಡೂ ಕಡೆ ಫೋರ್ಕ್ ಇಲ್ಲ. ಅಚ್ಚು ಒಂದೇ ಕಡೆಯಿಂದ ಹಿಡಿದುಕೊಳ್ಳಬೇಕು. ಸೈಕಲ್ಲಿನ ತೆಳು ಅಚ್ಚು ಹಾಕಿದರೆ ಮೊದಲನೇ ಗುಂಡಿಯಲ್ಲೇ ಬಾಗುತ್ತದೆ. ಗಾಲಿಕುರ್ಚಿಗೆ ಹಾಕುವಂಥ ದಪ್ಪ ಅಚ್ಚು, ಅದಕ್ಕೆ ತಕ್ಕ ಹಬ್ಬು ಬೇಕು. ಸೈಕಲ್ಲು ತಿರುವಿನಲ್ಲಿ ವಾಲುತ್ತದೆ, ಬಂಡಿ ವಾಲುವುದಿಲ್ಲ. ಅದರ ಒತ್ತೆಲ್ಲ ಕಡ್ಡಿಗಳ ಮೇಲೆ ಅಡ್ಡಡ್ಡವಾಗಿ ಬೀಳುತ್ತದೆ. ಅದಕ್ಕೇ ಗಾಲಿ ಸಣ್ಣದಿರಬೇಕು, ೨೦ ಇಂಚು. ಮಕ್ಕಳ ಸೈಕಲ್ಲಿನ ಅಳತೆ. ಅದರ ಟ್ಯೂಬು ಯಾವ ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುತ್ತೆ. ಒಂದೇ ಕಡೆ ಹಿಡಿದ ಅಚ್ಚಿಗೆ ಒಂದು ವರವೂ ಉಂಟು: ಪಂಚರಾದರೆ ಗಾಲಿ ಬಿಚ್ಚುವ ಹಾಗಿಲ್ಲ, ಕಾರಿನ ಪಕ್ಕದಲ್ಲಿ ಕೂತ ಹಾಗೆ ಕೂತು ಟೈರನ್ನಷ್ಟೇ ಎಳೆದು ಪ್ಯಾಚು ಹಾಕಬಹುದು. ಜಾಲಿಮುಳ್ಳಿನ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಸೈಕಲ್ಲು ಹೋಗುವುದು ಒಂದು ಗೆರೆಯಲ್ಲಿ, ಬಂಡಿ ಹೋಗುವುದು ಮೂರು ಗೆರೆಯಲ್ಲಿ. ಮುಳ್ಳಿಗೆ ಮೂರು ಪಟ್ಟು ಅವಕಾಶ.

ಸ್ಟಿಯರಿಂಗು. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೆಟ್ಟಿತು. ಗಾಲಿ ತಿರುಗುವ ಕೀಲಿನ ಗೆರೆಯನ್ನು ಕೆಳಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕೇ ಬಂದು ಸೇರಬೇಕು. ಹಾಗಿಲ್ಲದಿದ್ದರೆ ಒಂದು ಕಡೆಯ ಬ್ರೇಕು ಹಿಡಿದ ಕೂಡಲೇ ಬಂಡಿ ಆ ಕಡೆಗೆ ಎಳೆಯುತ್ತದೆ, ಪಕ್ಕದಲ್ಲಿ ಲಾರಿ ಇದ್ದರೆ ದೇವರೇ ಗತಿ. ತಿರುವಿನಲ್ಲಿ ಒಳಗಾಲಿ ಹೊರಗಾಲಿಗಿಂತ ಹೆಚ್ಚು ತಿರುಗಬೇಕು, ಇಲ್ಲವಾದರೆ ಟೈರು ಉಜ್ಜಿಕೊಂಡೇ ಸವೆಯುತ್ತದೆ. ಮೂರು ತಿಂಗಳು ಕಳೆಯಬೇಕಾದ್ದು ಇದರ ಮೇಲೆ, ಬಣ್ಣದ ಮೇಲಲ್ಲ. ಚೈನು ಒಂದು ಸಾಲದು, ಎರಡೂವರೆ ಮೂರು ಚೈನು ಜೋಡಿಸಬೇಕು. ಅದು ಸೀಟಿನ ಕೆಳಗಿನಿಂದ ಹಾದು ಬರುವಾಗ ಪ್ಯಾಂಟಿಗೂ ಧೂಳಿಗೂ ಸಿಕ್ಕದಂತೆ ಕೊಳವೆ.

ಎತ್ತರ. ಹೊರದೇಶದ ಬಂಡಿಗಳಲ್ಲಿ ಸವಾರ ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತಾನೆ. ಇಲ್ಲಿ ಹಾಗೆ ಕೂತರೆ ಈರುಳ್ಳಿ ಹೇರಿದ ಟ್ರ್ಯಾಕ್ಟರಿನವನಿಗೆ ಕಾಣುವುದಿಲ್ಲ. ಹೊಟ್ಟೆ ಪ್ರತಿ ಹಂಪ್ಸಿಗೂ ಉಜ್ಜುತ್ತದೆ. ಸೀಟು ನೆಲದಿಂದ ಒಂದೂವರೆ ಅಡಿ ಎತ್ತರಕ್ಕಿರಲಿ, ಹೊಟ್ಟೆಯ ಕೆಳಗೆ ಅರ್ಧ ಅಡಿ ಬಯಲಿರಲಿ, ಹಿಂದೊಂದು ಉದ್ದ ಕೋಲಿಗೆ ಬಾವುಟ. ಗಾಳಿಯ ಲೆಕ್ಕದಲ್ಲಿ ಸ್ವಲ್ಪ ನಷ್ಟ, ಆಯುಸ್ಸಿನ ಲೆಕ್ಕದಲ್ಲಿ ಲಾಭ. ಅಗಲ ಮಾತ್ರ ಕಟ್ಟುವ ಕೋಣೆಯ ಬಾಗಿಲಿಗಿಂತ ಕಡಿಮೆಯೇ ಇರಲಿ, ದಯವಿಟ್ಟು ಮೊದಲು ಬಾಗಿಲು ಅಳೆಯಿರಿ.

ಇದೆಲ್ಲ ಆಗಿ, ಸಾವಿರ ಕಿಲೋಮೀಟರು ಓಡಿ, ಆಮೇಲೂ ಚಿಪ್ಪು ಬೇಕೆನಿಸಿದರೆ? ಹಾಕಿ, ಯಾರು ಬೇಡ ಅಂದರು. ಆದರೆ ರೆಸಿನ್ನೇ ಯಾಕೆ? ಹಾಲೆಂಡಿನಲ್ಲಿ ೧೯೯೦ರ ದಶಕದಲ್ಲಿ ಬಂದ "ಅಲೆವೆಡರ್" ಎಂಬ ಬಂಡಿಯ ಮೈಯನ್ನು ವಿಮಾನದ ಹಾಗೆ ಅಲ್ಯುಮಿನಿಯಂ ತಗಡು ಬಗ್ಗಿಸಿ, ರಿವೆಟ್ ಹೊಡೆದು ಕಟ್ಟಿದ್ದರು. ಬಿಡಿಭಾಗವಾಗಿಯೂ ಮಾರಿದರು, ಜನ ಮನೆಯಲ್ಲಿ ಜೋಡಿಸಿಕೊಂಡರು. ನಮಗೆ ಕೂಗಳತೆಯಲ್ಲಿ ಓಝರ್ ಇದೆ. ೧೯೬೪ರಲ್ಲಿ ಮಿಗ್ ವಿಮಾನಕ್ಕೆಂದು ಎಚ್.ಎ.ಎಲ್. ಅಲ್ಲಿ ಕಾರ್ಖಾನೆ ತೆರೆದಾಗಿನಿಂದ ತಗಡು ಮತ್ತು ರಿವೆಟ್ಟು ಬಲ್ಲ ಕೈಗಳು ಈ ಸುತ್ತಿನಲ್ಲಿ ಎರಡು ಮೂರು ತಲೆಮಾರಿನಿಂದ ಇವೆ. ಆ ಕಂಪನಿಯ ಕೇಂದ್ರ ಬೆಂಗಳೂರು. ಕನ್ನಡ ಮಾತಾಡುವ ನಿವೃತ್ತರನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುತ್ತೇವಲ್ಲ, ಹಾಗೇ ಒಂದು ಭಾನುವಾರ ತಗಡು ಹಿಡಿದುಕೊಂಡು ಹೋಗಿ, "ಸಾರ್, ಇದನ್ನ ಹೇಗೆ ಬಗ್ಗಿಸೋದು ಹೇಳಿಕೊಡಿ" ಅಂದರೆ ಬೇಡ ಅನ್ನುವವರು ಯಾರು? ಸೊಟ್ಟಗಾದ ತಗಡನ್ನು ಸುತ್ತಿಗೆಯಿಂದ ತಟ್ಟಿ ಸರಿ ಮಾಡಬಹುದು. ಒಡೆದ ಫೈಬರನ್ನು ವೈಜಾಪುರದಲ್ಲಿ ಯಾರು ಸರಿ ಮಾಡುತ್ತಾರೆ?

ವೈಜಾಪುರ ಅಂದೆ. ದಾರಿಯ ಮಾತೂ ಆಗಿಬಿಡಲಿ. ಸಮೃದ್ಧಿ ಮಹಾಮಾರ್ಗದಲ್ಲಿ ಹೋಗೋಣ, ನುಣ್ಣಗಿದೆ ಅಂತ ಒಬ್ಬರು ಹೇಳಿದರು. ಮುಂಬಯಿ ನಾಗಪುರಗಳ ನಡುವಿನ ಆ ೭೦೧ ಕಿಲೋಮೀಟರಿನ ರಸ್ತೆ ೨೦೨೨ರ ಡಿಸೆಂಬರಿನಲ್ಲಿ ಶಿರಡಿಯವರೆಗೂ, ೨೦೨೫ರ ಜೂನಿನಲ್ಲಿ ಪೂರ್ತಿಯಾಗಿಯೂ ತೆರೆಯಿತು. ಬೈಕು ರಿಕ್ಷಾಗಳಿಗೇ ಅಲ್ಲಿ ಪ್ರವೇಶವಿಲ್ಲ, ನಮ್ಮ ಬಂಡಿಗೆಲ್ಲಿ? ಇರಲಿ ಬಿಡಿ. ನಿಧಾನವಾಗಿ ಹೋಗುವವನಿಗೆ ಬೇಕಾದ್ದು ನುಣುಪಲ್ಲ, ಮನುಷ್ಯರು. ಹಳೆಯ ರಸ್ತೆ ನಿಫಾಡದ ದ್ರಾಕ್ಷಿ ತೋಟಗಳ ನಡುವೆ ಹಾದು, ಪೈಠಣಿ ಸೀರೆ ನೇಯುವ ಯೇವಲೆಯ ಮೂಲಕ, ವೈಜಾಪುರ ಮುಟ್ಟಿ ಸಂಭಾಜಿನಗರಕ್ಕೆ ಹೋಗುತ್ತದೆ. ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ದೊಡ್ಡ ಏರಿಳಿತವಿಲ್ಲ. ಎರಡು ಊರೂ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ ಒಂದೇ ಎತ್ತರ. ಪ್ರತಿ ಊರಿನಲ್ಲೂ ಚಹಾದ ಟಪರಿ, ಸೈಕಲ್ ರಿಪೇರಿಯವನು, ವೆಲ್ಡಿಂಗಿನವನು. ಮನೆಯಲ್ಲಿ ಕಟ್ಟಿದ ಗಾಡಿ ದಾರಿಯಲ್ಲಿ ಕೆಟ್ಟೇ ಕೆಡುತ್ತದೆ. ಅದು ಕೆಡದಂತೆ ಕಟ್ಟಿದ್ದೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಯೇವಲೆಯ ವೆಲ್ಡಿಂಗಿನವನಿಗೆ ನೋಡಿದ ಕೂಡಲೇ ಅರ್ಥವಾಗುವಂತೆ ಕಟ್ಟಿದ್ದೇವೆ ಅನ್ನುವವರನ್ನು ನಂಬುತ್ತೇನೆ. ಮಳೆಗಾಲದಲ್ಲಿ ಹೊರಡಬೇಡಿ. ಗಾಳಿ ಪಡುವಣದಿಂದ ಬೀಸುತ್ತೆ, ಹೋಗುವಾಗ ಬೆನ್ನಿಗಿದ್ದು ಹುರಿದುಂಬಿಸುತ್ತೆ, ಬರುವಾಗ ಎದೆಗೆ ಬಡಿದು ಸೇಡು ತೀರಿಸಿಕೊಳ್ಳುತ್ತೆ.

ಕನ್ನಡ ಸಂಘದ ಹುಡುಗರಿಗೆ ಈ ದಾರಿ ಪರದೇಶವೂ ಅಲ್ಲ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸುವ ಗೋದಾವರಿ ಹುಟ್ಟುವುದು ಇಲ್ಲೇ ತ್ರ್ಯಂಬಕದ ಬೆಟ್ಟದಲ್ಲಿ. ಎಲ್ಲೋರದ ಕೈಲಾಸನಾಥ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ಎಲ್ಲೋರದಿಂದ ಅದೇ ರಸ್ತೆಯಲ್ಲಿ ಇನ್ನೂ ಮುಂದೆ ತುಳಿದರೆ ಒಂದು ತಾಲ್ಲೂಕು ಊರು ಸಿಗುತ್ತದೆ, ಅದರ ಹೆಸರೇ ಕನ್ನಡ್! ಹೆಸರು ಎಲ್ಲಿಂದ ಬಂತೆಂದು ಪಂಡಿತರು ವಾದಿಸಲಿ. ಆ ಊರಿನ ಫಲಕದ ಪಕ್ಕದಲ್ಲಿ ಬಂಡಿ ನಿಲ್ಲಿಸಿ ಸಂಘದ ಫೋಟೋ ತೆಗೆಸುವುದಕ್ಕಂತೂ ನನ್ನ ಓಟು ಇದೆ. ಆದರೆ ಅದಕ್ಕೂ ಆಚೆ ಚಾಳೀಸಗಾಂವಿನ ಕಡೆಗೆ ಇಳಿಯುವ ಔಟ್ರಮ್ ಘಾಟಿಗೆ, ಬ್ರೇಕು ಸಾವಿರ ಕಿಲೋಮೀಟರು ಪಳಗುವ ತನಕ, ಬೇಡ.

ಮೋಟಾರು ಹಾಕಿಬಿಡಿ, ತುಳಿಯುವ ಕಷ್ಟವೇ ಇಲ್ಲ ಅನ್ನುವವರಿಗೆ: ಹಾಗಾದರೆ ವಾಳುಜಿಗೆ ಹೋಗಿ, ಬಜಾಜ್ ಕಂಪನಿ ೧೯೮೫ರಿಂದ ಅಲ್ಲಿ ಗಾಡಿ ಮಾಡುತ್ತಿದೆ, ನಮಗಿಂತ ಚೆನ್ನಾಗಿಯೇ ಮಾಡುತ್ತದೆ.

ಈಗ ಚಂದಾದ ದುಡ್ಡಿನ ವಿಷಯ. ನನ್ನ ಸೂಚನೆ ಹೀಗಿದೆ, ಬರುವ ಶನಿವಾರದ ಸಭೆಯಲ್ಲಿ ಇದನ್ನೇ ಮಂಡಿಸುತ್ತೇನೆ: ರೆಸಿನ್ನಿಗೆ ಕೊಟ್ಟಿರುವ ಆರ್ಡರು ನಿಲ್ಲಿಸುವುದು. ಮೊದಲು ಮೂರು ಟೈರು, ಆರು ಟ್ಯೂಬು, ಎರಡು ಅಚ್ಚು, ಮುಂದಿನ ಎರಡು ಗಾಲಿಗೂ ಒಳ್ಳೆಯ ಬ್ರೇಕು, ಕೊಳವೆ ಕಬ್ಬಿಣ. ದೀಪಾವಳಿಯ ಹೊತ್ತಿಗೆ ಬರೀ ಮೈಯ ಬಂಡಿ ಕಾಲೇಜಿನ ಗೇಟು ದಾಟಬೇಕು, ಡಿಸೆಂಬರ್ ರಜೆಯಲ್ಲಿ ನಿಫಾಡಕ್ಕೆ ಹೋಗಿ ಅದೇ ದಿನ ವಾಪಸ್ಸು ಬರಬೇಕು, ಆಮೇಲೆ ಯೇವಲೆಗೆ. ಮೊದಲ ಸವಾರಿಗೆ ಚಿಪ್ಪಿನ ನಕ್ಷೆ ಬರೆದವರೇ ಕೂರಲಿ. ಹಿಂದೆ ಪಂಪು, ಪ್ಯಾಚು, ಚೈನ್ ಕಟ್ಟರ್ ಹಿಡಿದು ಮಾಮೂಲಿ ಸೈಕಲ್ಲಿನಲ್ಲಿ ಬರಲು ನಾನು ತಯಾರಿದ್ದೇನೆ.